ಹಸಿರು ಕಾರ್ಡಿನ ದನಿ

ವಾಲ್ವ್ ರೇಡಿಯೋ ಬಿಸಿಯಾಗುವಾಗ ಏಳುವ ಸುಟ್ಟ ಧೂಳಿನ ವಾಸನೆ ನೇತ್ರಾವತಿಗೆ ಅಪ್ಪನ ಮುಖಕ್ಕಿಂತ ಚೆನ್ನಾಗಿ ನೆನಪಿತ್ತು. ಹರಿಹರದ ಪೇಟೆ ಬೀದಿಯಲ್ಲಿ ಅಪ್ಪ ಕೊಟ್ಟೂರಪ್ಪನವರ ರೇಡಿಯೋ ರಿಪೇರಿ ಅಂಗಡಿ. ಆಗಿನ ರೇಡಿಯೋಗಳು ಗುಂಡಿ ತಿರುಗಿಸಿದ ಕೂಡಲೇ ಮಾತಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ನಿಧಾನವಾಗಿ ಕೆಂಡದ ಬಣ್ಣಕ್ಕೆ ತಿರುಗಬೇಕು, ಅವುಗಳ ಮೇಲೆ ಕೂತ ಧೂಳು ಕಾಯಬೇಕು, ಆ ವಾಸನೆ ಅಂಗಡಿ ತುಂಬಬೇಕು. ಆಮೇಲೆಯೇ ಎಲ್ಲಿಂದಲೋ ಒಬ್ಬ ಮನುಷ್ಯನ ದನಿ ಹೊರಡುತ್ತಿತ್ತು. ವಾಸನೆಗೂ ದನಿಗೂ ನಡುವಿನ ಆ ಸ್ವಲ್ಪ ಹೊತ್ತಿನಲ್ಲಿ ಪುಟ್ಟ ನೇತ್ರಾವತಿ ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದಳು. ಕಣ್ಣಿಗೆ ಕಾಣದ ಯಾರೋ ಬಾಗಿಲ ತನಕ ಬಂದು ನಿಂತಿದ್ದಾರೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಅರವತ್ತು ದಾಟಿದ ಮೇಲೆ, ದೀಪಾವಳಿ ರಜೆಯ ಒಂದು ಗುರುವಾರ ಮಧ್ಯಾಹ್ನ, ಅದೇ ವಾಸನೆ ತಮ್ಮನ ಮನೆಯ ಮಹಡಿ ಮೆಟ್ಟಿಲು ಇಳಿದು ಬಂತು.

ತಮ್ಮ ಬಕ್ಕೇಶ ಯುಗಾದಿ ಕಳೆದ ವಾರದಲ್ಲಿ ತೀರಿಕೊಂಡಿದ್ದ. ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಕಾಲೇಜಿನ ಲೈಬ್ರರಿ ಕೆಲಸದಿಂದ ನಿವೃತ್ತಳಾಗಿದ್ದ ನೇತ್ರಾವತಿ ಎರಡು ಬೀದಿಯಾಚೆಯ ತನ್ನ ಮನೆಗೆ ಬೀಗ ಹಾಕಿ, ತಮ್ಮನ ಹೆಂಡತಿ ವಾಣಿಶ್ರೀಯ ಜೊತೆಗಿರಲು ಬಂದಿದ್ದಳು. ವಾಣಿಶ್ರೀ ಊರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಜೂನ್‌ನಲ್ಲಿ ಶಾಲೆ ತೆರೆದಾಗ ಅವಳು ಹೋಗಲಿಲ್ಲ. ಜೊತೆಯ ಟೀಚರೊಬ್ಬರು ಯಾರಿಗೂ ಹೇಳದೆ ಅವಳ ತರಗತಿಗಳನ್ನೂ ತಾವೇ ತೆಗೆದುಕೊಳ್ಳುತ್ತಾ ಬಂದಿದ್ದರು. ಆದರೆ ಈಗ ಮುಖ್ಯೋಪಾಧ್ಯಾಯಿನಿ ಮನೆಗೇ ಬಂದು, ವಾಣಿಶ್ರೀಯ ಕೈ ಹಿಡಿದುಕೊಂಡು ಹೇಳಿ ಹೋಗಿದ್ದರು: “ರಜಾ ಮುಗಿದು ಸೋಮವಾರ ಬಂದುಬಿಡು ತಾಯಿ. ಆಮೇಲೆ ನನ್ನ ಕೈಲೂ ಆಗಲ್ಲ, ಬೇರೆಯವರನ್ನ ತಗೋಬೇಕಾಗ್ತದೆ.”

ವಾಣಿಶ್ರೀ ತಲೆಯಾಡಿಸಿದ್ದಳು. ಆದರೆ ಮಧ್ಯಾಹ್ನಗಳಲ್ಲಿ ಅವಳು ಮನೆ ಬಿಟ್ಟು ಹೋಗುವಂತಿರಲಿಲ್ಲ. ಏಕೆ ಎಂಬುದು ನೇತ್ರಾವತಿಗೆ ತಿಳಿದದ್ದು ಆ ಗುರುವಾರ.

ಮೆಟ್ಟಿಲು ಹತ್ತಿ ನೋಡಿದರೆ ಬಕ್ಕೇಶನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವನು ಹಗಲು ಹೊತ್ತು ಫ್ಲೆಕ್ಸ್ ಬೋರ್ಡುಗಳ ಡಿಸೈನು ಮಾಡುತ್ತಿದ್ದ ಕೋಣೆ. ಮೇಜಿನ ಪಕ್ಕದಲ್ಲಿ ಅವನ ದೊಡ್ಡ ಕಂಪ್ಯೂಟರ್ ಪೆಟ್ಟಿಗೆ ಭರ್ರೆಂದು ಸದ್ದು ಮಾಡುತ್ತಿತ್ತು. ಅದರ ಗಾಜಿನ ಬದಿಯೊಳಗೆ ಫ್ಯಾನುಗಳು ಸುತ್ತುತ್ತಿದ್ದವು, ಹಸಿರು ದೀಪವೊಂದು ಉರಿಯುತ್ತಿತ್ತು. ಪರದೆ ಮಾತ್ರ ಕಪ್ಪಗಿತ್ತು. ಖಾಲಿ ಕುರ್ಚಿಯ ಮುಂದೆ ವಾಣಿಶ್ರೀ ಹಬೆಯಾಡುವ ಚಹಾದ ಲೋಟ ಇಡುತ್ತಿದ್ದಳು.

“ವಾಣಿ, ಏನೋ ಸುಟ್ಟಂಗೆ ವಾಸನಿ ಬರ್ತೈತಲ್ಲೇ.”

“ಏನೂ ಸುಟ್ಟಿಲ್ಲ ಅಕ್ಕಾ,” ಎಂದಳು ವಾಣಿಶ್ರೀ, ದನಿ ತಗ್ಗಿಸಿ. “ಅವರು ಕೆಲಸಕ್ಕೆ ಕುಂತಾರೆ. ಸ್ವಲ್ಪ ಮೆತ್ತಗೆ ಮಾತಾಡ್ರಿ.”

ನೇತ್ರಾವತಿಯ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ಫ್ಯಾನಿನ ಸದ್ದು ಒಮ್ಮೆ ಏರಿತು, ಮತ್ತೆ ಇಳಿಯಿತು, ಯಾರೋ ಯೋಚಿಸಿ ಬರೆದು, ನಿಲ್ಲಿಸಿ, ಮತ್ತೆ ಯೋಚಿಸಿದ ಹಾಗೆ.

“ಇದನ್ನ ಆಫ್ ಮಾಡಿಲ್ಲೇನು?”

“ಅವರು ಯಾವತ್ತೂ ಆಫ್ ಮಾಡ್ತಿರಲಿಲ್ಲ. ನಾನೂ ಮುಟ್ಟಿಲ್ಲ. ಇಡೀ ದಿನ ಸುಮ್ನಿರ್ತೈತೆ. ಮಧ್ಯಾಹ್ನ ಊಟದ ಹೊತ್ತು ಕಳೀತು ಅಂದ್ರೆ ಹಿಂಗೆ ಎದ್ದು ಕುಂತ್ಕಂತೈತೆ. ನಾಳೆ ನೋಡ್ರಿ ಬೇಕಾದ್ರೆ, ಹೊಸ ವಿಡಿಯೋ ಬಂದಿರ್ತೈತೆ.”

ಅವಳ ಕಣ್ಣಲ್ಲಿ ಹುಚ್ಚು ಇರಲಿಲ್ಲ. ಗಣಿತದ ಟೀಚರು ಬೋರ್ಡಿನ ಮೇಲೆ ಉತ್ತರ ಬರೆದು ಮಕ್ಕಳ ಕಡೆ ತಿರುಗುವಾಗ ಇರುವ ನೆಮ್ಮದಿ ಇತ್ತು. ನೇತ್ರಾವತಿ ಹೆದರಿದ್ದು ಅದಕ್ಕೆ.

ಶುಕ್ರವಾರ ಬೆಳಿಗ್ಗೆ ವಿಡಿಯೋ ಬಂದೇ ಬಂತು.

ಬಕ್ಕೇಶನಿಗೆ ಒಂದು ಯೂಟ್ಯೂಬ್ ಚಾನೆಲ್ ಇತ್ತು, ‘ಬಿಚ್ಚಿ ನೋಡೋಣ’ ಎಂದು. ಅದರಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. ಎರಡು ಕೈ, ಒಂದು ಸ್ಕ್ರೂಡ್ರೈವರ್, ಮೇಜಿನ ಮೇಲೆ ಒಂದು ಗ್ರಾಫಿಕ್ಸ್ ಕಾರ್ಡು, ಹಿಂದಿನಿಂದ ಅವನ ದನಿ, ಇಷ್ಟೇ. ಕಂಪ್ಯೂಟರಿನ ಪರದೆಗೆ ಚಿತ್ರ ಕೊಡುವ ಭಾಗಕ್ಕೆ ಗ್ರಾಫಿಕ್ಸ್ ಕಾರ್ಡು ಎನ್ನುತ್ತಾರೆ ಎಂಬಷ್ಟು ನೇತ್ರಾವತಿಗೆ ಗೊತ್ತಿತ್ತು. ಅದನ್ನು ಮಾಡುವ ಎರಡು ದೊಡ್ಡ ಕಂಪನಿಗಳು ಒಂದಕ್ಕೊಂದು ಜಿದ್ದಿಗೆ ಬಿದ್ದಿವೆ ಎಂಬುದೂ ಗೊತ್ತಿತ್ತು. ಎನ್ವಿಡಿಯಾದ್ದು ಹಸಿರು ಬಣ್ಣ, ಎಎಂಡಿಯದು ಕೆಂಪು. ಬಕ್ಕೇಶ ಹಸಿರಿನವನು. ಅವನ ಜೀವದ ಗೆಳೆಯ, ದಾವಣಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ತಾರಿಕ್, ಕೆಂಪಿನವನು. ಗರಡಿಮನೆಯ ಎರಡು ಪಾರ್ಟಿಗಳ ಹಾಗೆ ಇಬ್ಬರೂ ಕಾದಾಡುತ್ತಿದ್ದರು. ಹೊಸ ಪೀಳಿಗೆಯ ಕಾರ್ಡುಗಳು ಬರುವ ಕಾಲ ಹತ್ತಿರವಾಯಿತೆಂದರೆ, ಅವು ಬರುವ ಮೊದಲೇ ಚಾನೆಲ್‌ನಲ್ಲಿ ಕೂತು ಯಾವುದು ಗೆಲ್ಲುತ್ತದೆ ಎಂದು ಮಾತಿಗೆ ಮಾತು ಬೆಳೆಸುವುದು ಅವರ ಪದ್ಧತಿ. “ನಿನ್ನ ಕೆಂಪು ಕಾರ್ಡಿನ ಮೇಲೆ ರೊಟ್ಟಿ ಸುಡಬೌದಲೇ” ಎಂದು ಇವನು, “ನಿಮ್ಮೋರು ಮೆಮೊರಿ ಕೊಡೋದು ಪ್ರಸಾದ ಕೊಟ್ಟಂಗೆ, ಚಿಟಿಕೆ ಚಿಟಿಕೆ” ಎಂದು ಅವನು. ನೋಡುವವರಿಗೆ ಕಾರ್ಡಿಗಿಂತ ಬೈಗುಳವೇ ರುಚಿ.

ಬರುವ ಜನವರಿಗೆ ಎರಡೂ ಕಡೆಯ ಹೊಸ ಪೀಳಿಗೆ ಬರುವುದಿತ್ತಂತೆ. ವಾಣಿಶ್ರೀ ಫೋನನ್ನು ಅಕ್ಕನ ಕೈಗಿಟ್ಟಳು. ತಮ್ಮನ ಕೈಗಳು ಒಂದು ಕಾರ್ಡಿನ ಸ್ಕ್ರೂ ಬಿಚ್ಚುತ್ತಿದ್ದವು. ಆ ಚಿತ್ರ ಹಳೆಯದು, ಅವನು ಆಮೇಲೆ ಕಳೆದುಕೊಂಡ ಉಂಗುರ ಬೆರಳಿನಲ್ಲಿ ಇನ್ನೂ ಇತ್ತು. ದನಿ ಮಾತ್ರ ಮೊನ್ನೆ ಮೊನ್ನೆಯ ಸುದ್ದಿ ಹೇಳುತ್ತಿತ್ತು.

“ನಮಸ್ಕಾರ್ರಿ. ಹೊಸ ವರ್ಷಕ್ಕೆ ಎರಡೂ ಕಡೀಂದ ಹೊಸ ಕಾರ್ಡು ಬರ್ತಾವೆ. ಈಗ ತಗೊಳ್ಳೋದಾ, ಕಾಯೋದಾ ಅಂತ ಭಾಳ ಮಂದಿ ಕೇಳೀರಿ. ನೆರಳು ಬೆಳಕು ನಿಜದಂಗೆ ಕಾಣಬೇಕು ಅಂದ್ರೆ ಹಸಿರು ಮುಂದೈತೆ. ಮೆಮೊರಿ ಧಾರಾಳ ಬೇಕಂದ್ರೆ ಕೆಂಪು. ಇಷ್ಟು ವರ್ಷ ನಾನು ಕೆಂಪಿನೋರನ್ನ ಹಗುರಾಗಿ ನೋಡಿದ್ದೆ. ಅದು ತಪ್ಪು. ಈ ಸಲ ಕೆಂಪೇ ತಗೊಳ್ರಿ.”

ಬಕ್ಕೇಶನದೇ ದನಿ. ‘ಧಾರಾಳ’ ಎನ್ನುವಾಗ ನಾಲಿಗೆ ಮಡಚುವ ರೀತಿಯೂ ಅವನದೇ. ಆದರೆ ಏನೋ ಒಂದು ಇರಲಿಲ್ಲ. ಏನು ಎಂದು ಗೊತ್ತಾಗಲು ಅವಳು ಮತ್ತೊಮ್ಮೆ ಕೇಳಬೇಕಾಯಿತು. ಹುಟ್ಟಿದಾಗಿನಿಂದ ಬಕ್ಕೇಶನಿಗೆ ಉಬ್ಬಸ. ನಾಲ್ಕು ಮಾತಿಗೊಮ್ಮೆ ನಿಂತು ಗಾಳಿ ಎಳೆದುಕೊಳ್ಳದೆ ಅವನ ವಾಕ್ಯ ಮುಗಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವನ ಪಕ್ಕದಲ್ಲಿ ಮಲಗಿ ಆ ಸುಂಯ್ ಸದ್ದಿಗಾಗಿಯೇ ಕಿವಿ ಕೊಟ್ಟು ಅವಳು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದಳು. ಈ ದನಿ ಇಡೀ ವಿಡಿಯೋದಲ್ಲಿ ಒಂದು ಸಲವೂ ಉಸಿರೆಳೆಯಲಿಲ್ಲ.

ಕೆಳಗೆ ಜನ ಬರೆದಿದ್ದರು: ‘ಅಣ್ಣಾ ಎಲ್ಲಿ ಹೋಗಿದ್ರಿ ಇಷ್ಟು ದಿನ’, ‘ಬಕ್ಕೇಶಣ್ಣ ಪಾರ್ಟಿ ಬಿಟ್ರಲ್ಲಪ್ಪೋ’, ‘ನಿಮ್ಮ ಮಾತು ಕೇಳೇ ತಗೊಳ್ಳೋದು ನಾನು’. ಅವರಿಗೆ ಯಾರಿಗೂ ಅವನು ಸತ್ತದ್ದು ಗೊತ್ತಿರಲಿಲ್ಲ.

ನೇತ್ರಾವತಿ ಫೋನು ಮಗುಚಿಟ್ಟಳು. ಸತ್ತವರು ತಿರುಗಿ ಬರುತ್ತಾರೋ ಇಲ್ಲವೋ, ಅದರ ಬಗ್ಗೆ ಅವಳು ಯಾರ ಜೊತೆಗೂ ವಾದಿಸುವವಳಲ್ಲ. ಆದರೆ ಬಕ್ಕೇಶ ತಿರುಗಿ ಬಂದರೂ ಕೆಂಪು ಕಾರ್ಡು ತಗೊಳ್ಳಿ ಎನ್ನುವವನಲ್ಲ. ಅವನ ಬಾಯಲ್ಲಿ ಆ ಮಾತು ಬರಲಿ ಎಂದು ಇಪ್ಪತ್ತು ವರ್ಷ ಕಾದವನು ಈ ಭೂಮಿಯ ಮೇಲೆ ಒಬ್ಬನೇ.

ಆ ಮಧ್ಯಾಹ್ನವೂ ಮೇಲೆ ಫ್ಯಾನು ಸದ್ದು ಮಾಡಿತು. ವಾಣಿಶ್ರೀ ಚಹಾ ತೆಗೆದುಕೊಂಡು ಮೇಲೆ ಹೋದಳು. ನೇತ್ರಾವತಿ ಅಡುಗೆಮನೆಯ ಕಟ್ಟೆ ಹಿಡಿದು ನಿಂತೇ ಇದ್ದಳು.

ಶನಿವಾರ ಅವಳು ದಾವಣಗೆರೆ ಬಸ್ಸು ಹತ್ತಿದಳು. ಬಸ್ಸು ತುಂಬಿತ್ತು. ಕೊಂಡಜ್ಜಿಯ ಶಿಬಿರಕ್ಕೆ ಹೋಗುವ ಸ್ಕೌಟ್ ಮಕ್ಕಳ ಗುಂಪೊಂದು ತಪ್ಪಿ ಈ ಬಸ್ಸು ಹತ್ತಿತ್ತು. ಕಂಡಕ್ಟರ್ ಬೈಯದೆ ಅವರನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿ, ಎದುರು ಬಂದ ಬಸ್ಸಿಗೆ ಕೈ ಮಾಡಿ ನಿಲ್ಲಿಸಿ, ಎಲ್ಲರೂ ಹತ್ತುವ ತನಕ ರಸ್ತೆ ಮೇಲೆ ನಿಂತಿದ್ದ. ಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಬುಟ್ಟಿಯನ್ನು ತೊಡೆಯ ಮೇಲೆಳೆದುಕೊಂಡು, “ಕೂಡ್ರಿ ಅಮ್ಮಾರೆ, ಜಾಗ ಐತೆ,” ಎಂದಳು. ಜಾಗ ಇರಲಿಲ್ಲ. ಆದರೂ ಇಬ್ಬರೂ ಕೂತರು.

ಅಶೋಕ ರಸ್ತೆಯ ಪಕ್ಕದ ಗಲ್ಲಿಯಲ್ಲಿ ತಾರಿಕ್‌ನ ಅಂಗಡಿ. ನೇತ್ರಾವತಿ ಮೆಟ್ಟಿಲ ಬಳಿ ಬಂದಾಗ ಒಳಗೆ ಗಿರಾಕಿಯೊಬ್ಬ ಕೌಂಟರಿಗೆ ಮೊಣಕೈ ಊರಿ ನಿಂತಿದ್ದ. ಭಾನುವಳ್ಳಿಯ ನಿಂಗರಾಜು, ಮದುವೆಗಳ ವಿಡಿಯೋ ತೆಗೆದು ಎಡಿಟ್ ಮಾಡಿ ಕೊಡುವವನು. ತಾರಿಕ್ ಬೆನ್ನು ತಿರುಗಿಸಿಕೊಂಡು ಕಪಾಟಿನಲ್ಲಿ ಏನೋ ಹುಡುಕುತ್ತಿದ್ದ. ಇಬ್ಬರೂ ಅವಳನ್ನು ನೋಡಲಿಲ್ಲ.

“ಹಸಿರು ತಗೋ ಅಂತೀರಲ್ರೀ ತಾರಿಕ್ ಭಾಯ್,” ಎನ್ನುತ್ತಿದ್ದ ನಿಂಗರಾಜು. “ಇಷ್ಟು ವರ್ಷ ಕೆಂಪು ಕೆಂಪು ಅಂತ ನಮ್ಮ ತಲಿ ತಿಂದ್ರಿ. ಈಗ ಬಕ್ಕೇಶಣ್ಣನೇ ನಿಮ್ಮ ಪಾರ್ಟಿಗೆ ಬಂದ್ರೆ ನೀವು ಅತ್ಲಾಗೆ ಹಾರಿದ್ರಲ್ಲ. ಎಲೆಕ್ಷನ್ನಿಗೆ ನಿಲ್ರಿ ನೀವು.”

“ನಿನ್ನ ಎಡಿಟಿಂಗ್ ಸಾಫ್ಟ್‌ವೇರು ಹಸಿರಿಗೆ ಒಗ್ಗೈತೆ ಮಾರಾಯ. ಆಟ ಆಡೋನಾಗಿದ್ರೆ ಕೆಂಪು ಕೊಡ್ತಿದ್ದೆ. ನೀನು ಆಟ ಆಡ್ತೀಯಾ?”

“ಇಸ್ಪೀಟ್ ಆಡ್ತೀನಿ.”

“ಅದಕ್ಕೆ ಯಾವ ಕಾರ್ಡಾದ್ರೂ ನಡೀತೈತೆ.”

ನಿಂಗರಾಜು ನಕ್ಕ. “ಹಂಗಾರೆ ಜನವರಿ ತನಕ ಕಾಯ್ಲಾ? ಹೊಸಾವು ಬರ್ತಾವಂತಲ್ಲ.”

“ಕಾರ್ತೀಕದ ಮದುವಿ ಒಪ್ಪಿಕೊಂಡೀಯಲ್ಲ, ಮದುಮಗಳಿಗೆ ಜನವರಿ ತನಕ ಕಾಯವ್ವಾ ಅನ್ನು. ಹೊಸದು ಯಾವಾಗ್ಲೂ ಬರ್ತಾನೇ ಇರ್ತೈತೆ.”

“ಅಲ್ರೀ, ಬಕ್ಕೇಶಣ್ಣ ಇಷ್ಟು ಗಟ್ಟಿಯಾಗಿ ಹೇಳ್ಯಾರೆ ಈ ಸಲ ಕೆಂಪೇ ಅಂತ. ಅವರ ಮಾತಿನ ಮೇಲೆ ನಾನು ಹಿಂದ್ಲ ಸಲ ಕಣ್ಣು ಮುಚ್ಚಿ ತಗೊಂಡೆ, ಇವತ್ತಿಗೂ ಓಡ್ತೈತೆ. ನೀವು ಹೇಳೋದಕ್ಕಿಂತ ಅವರು ಹೇಳೋದೇ ನಂಗೆ ಧೈರ್ಯ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ತಾರಿಕ್ ತಿರುಗಿದ. ಏನೋ ಹೇಳಲು ಬಾಯಿ ತೆರೆದವನು ನಿಂಗರಾಜುವಿನ ಹೆಗಲ ಆಚೆ ನೇತ್ರಾವತಿಯನ್ನು ಕಂಡ. ಅವನ ಮುಖ ಇಳಿಯಿತು.

“ಬಕ್ಕೇಶ್ ಅದನ್ನ ಹೇಳಿಲ್ಲ ನಿಂಗರಾಜು. ಅವನು ಯುಗಾದಿ ಆದ್ಮೇಲೆ ತೀರ್ಕೊಂಡ. ಈಗ ಬರ್ತಿರೋವು ನಾನು ಮಾಡಿದ್ದು. ಅವನ ದನೀನ ಕಂಪ್ಯೂಟರಿನಾಗೆ ಮಾಡಿಸಿದ್ದು.”

ನಿಂಗರಾಜು ಕೈಯಲ್ಲಿದ್ದ ಫೋನು ನೋಡಿದ, ತಾರಿಕ್‌ನನ್ನು ನೋಡಿದ, ಬಾಗಿಲಲ್ಲಿ ನಿಂತ ಬಿಳಿಗೂದಲ ಹೆಂಗಸನ್ನು ನೋಡಿದ. ಅವನಿಗೆ ಎಷ್ಟು ಅರ್ಥವಾಯಿತೋ. ಹೆಗಲ ಮೇಲಿನ ಟವೆಲಿನಿಂದ ಸ್ಟೂಲು ಒರೆಸಿ, ನೇತ್ರಾವತಿಯ ಕಡೆ ಸರಿಸಿ, “ಕೂಡ್ರಿ ಅಮ್ಮಾ,” ಎಂದು ಹೇಳಿ, ಬೇರೆ ಏನೂ ಕೇಳದೆ ಗಲ್ಲಿಗೆ ಇಳಿದು ಹೋದ.

ತಾರಿಕ್ ಅಂಗಡಿಯ ಬಾಗಿಲನ್ನು ಅರ್ಧ ಎಳೆದ. ಬೈಗುಳಕ್ಕೆ ತಲೆ ಒಡ್ಡಿದವನಂತೆ ಎದುರಿಗೆ ನಿಂತ.

“ಕೂತ್ಕೊ ತಾರಿಕ್,” ಎಂದಳು ನೇತ್ರಾವತಿ. “ಯಾಕೆ ಮಾಡಿದೆ ಅದನ್ನ ಹೇಳು.”

“ಹೊಸ ಪೀಳಿಗಿ ಬರ್ತೈತೆ ಅಂತ ಸುದ್ದಿ ಆದ ಕೂಡ್ಲೇ ಜನ ಕೇಳೋಕೆ ಶುರು ಮಾಡಿದ್ರು ನೇತ್ರಕ್ಕ. ಎಲ್ಲಿ ನಿಮ್ಮ ಜಗಳ, ಎಲ್ಲಿ ನಿಮ್ಮ ಜಗಳ ಅಂತ. ಅವನು ಇಲ್ಲ ಅಂತ ಹೇಳ್ಬೇಕು ಅಂತ ಮೈಕ್ ಮುಂದೆ ಕುಂತೆ. ಬಾಯೇ ಬರಲಿಲ್ಲ. ಕೆಂಪು ಚಲೋ ಅಂತ ನಾನು ಹೇಳಿದ್ರೆ ಮುಚ್ಚಲೇ ಅನ್ನೋರೇ ಇಲ್ಲ ಅಂದ್ರೆ, ಏನಂತ ಹೇಳ್ಲಿ?” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ಅವನ ಹಳೇ ವಿಡಿಯೋಗಳೆಲ್ಲ ನಾನೇ ಎಡಿಟ್ ಮಾಡಿ ಚಾನೆಲ್‌ಗೆ ಹಾಕ್ತಿದ್ದೆ. ದನಿ ಎಲ್ಲ ನನ್ನ ಹತ್ರ ಇತ್ತು. ಈಗ ದನಿ ಕಲಿಯೋ ಸಾಫ್ಟ್‌ವೇರು ಬಂದಾವೆ. ಅದಕ್ಕೆ ಹಾಕಿದೆ. ಅವನ ಬಾಯಿಂದ ಕೆಂಪೇ ಚಲೋ ಅಂತ ಒಂದ್ಸಾರಿ ಕೇಳೋಣ ಅಂತ. ಕೇಳಿದ ಮೇಲೆ ಬಿಡೋಕೆ ಆಗಲಿಲ್ಲ.”

“ಉಸಿರು ಎಲ್ಲಿ ಹೋತು ಅವನದು?”

ತಾರಿಕ್ ತಲೆ ತಗ್ಗಿಸಿದ. “ಅವನೇ ತೆಗಿಸ್ತಿದ್ದ ಅಕ್ಕ. ಉಬ್ಬಸದ ಸದ್ದು ಊರಿಗೆಲ್ಲ ಕೇಳಿಸೋದು ಬ್ಯಾಡ ಅಂತ. ಪ್ರತಿ ವಿಡಿಯೋದಾಗೂ ಒಂದೊಂದು ಉಸಿರು ಹುಡುಕಿ ಕತ್ತರಿಸ್ತಿದ್ದೆ. ಕಂಪ್ಯೂಟರು ಕಲಿತಿದ್ದು ಆ ಕತ್ತರಿಸಿದ ದನೀನೇ.”

ತಮ್ಮನಿಗೆ ಅದರ ಬಗ್ಗೆ ಅಷ್ಟು ನಾಚಿಕೆ ಇತ್ತೆಂದು ನೇತ್ರಾವತಿಗೆ ಗೊತ್ತಿರಲಿಲ್ಲ.

“ಮಾಡೋದಾದ್ರೆ ನಿನ್ನ ಕಂಪ್ಯೂಟರಿನಾಗೆ ಮಾಡ್ಬೇಕಿತ್ತು. ಅವನದ್ಯಾಕೆ ಮುಟ್ಟಿದೆ?”

“ನನ್ನದ್ರಾಗೆ ಕೆಂಪು ಕಾರ್ಡೈತೆ. ಆ ಸಾಫ್ಟ್‌ವೇರು ಹಸಿರು ಕೇಳ್ತು. ಹಸಿರು ಕಾರ್ಡು ಅಂಗಡ್ಯಾಗೆ ಮಾರ್ತೀನಿ, ಹೌದು. ಮನೀಗೆ ಒಯ್ಯಲ್ಲ ಅಂತ ಅವನ ಮುಂದೇ ಆಣೆ ಮಾಡಿದ್ದೆ. ಅವನು ಹೋದ ಮೇಲೆ ಆಣೆ ಮುರಿದ್ರೆ ನಕ್ಕೇ ನಗ್ತಾನೆ ಅನ್ನಿಸ್ತು.” ತಾರಿಕ್‌ನ ತುಟಿ ಒಂದಿಷ್ಟು ಅಲುಗಿತು. “ಅವನ ಕಂಪ್ಯೂಟರಿಗೆ ಇಲ್ಲಿಂದಲೇ ನೆಟ್‌ನಾಗೆ ಹೋಗೋ ದಾರಿ ಅವನೇ ಕೊಟ್ಟಿದ್ದ, ಎಡಿಟಿಂಗಿಗೆ ಅಂತ. ನೋಡಿದ್ರೆ ಅದು ಇನ್ನೂ ಆನ್ ಇತ್ತು. ಮಧ್ಯಾಹ್ನ ಗಿರಾಕಿ ಕಮ್ಮಿ ಇರ್ತಾರೆ, ಆವಾಗ ಇಲ್ಲಿ ಕುಂತು ಅಲ್ಲೀದು ನಡೆಸ್ತಿದ್ದೆ. ಆ ಕೋಣಿಗೆ ಬೀಗ ಹಾಕಿರ್ತೀರಿ ಅನ್ಕೊಂಡಿದ್ದೆ.”

“ಬೀಗ ಹಾಕಿಲ್ಲ. ವಾಣಿ ದಿನಾ ಅಲ್ಲಿ ಚಾ ಇಡ್ತಾಳೆ. ಫ್ಯಾನು ತಿರುಗಿದ್ರೆ ಅವನು ಬಂದ ಅಂತಾಳೆ. ಸೋಮವಾರ ಸ್ಕೂಲಿಗೆ ಹೋಗದಿದ್ರೆ ಕೆಲಸ ಹೋಗ್ತೈತೆ. ಅವಳು ಹೋಗಲ್ಲ.”

ತಾರಿಕ್ ಎದ್ದು ನಿಂತ. ಕೆಂಪು ಕಾರ್ಡಿನ ಮೇಲಿನ ನಿಷ್ಠೆಯ ಸಲುವಾಗಿ ತಾನು ಸತ್ತ ಗೆಳೆಯನ ಮನೆಗೆ ದಿನಾ ಮಧ್ಯಾಹ್ನ ದೆವ್ವ ಕಳಿಸಿದೆನೆಂದು ಅವನಿಗೆ ಆಗ ತಿಳಿಯಿತು.

“ಈಗಲೇ ಇಲ್ಲಿಂದ ಬಂದ್ ಮಾಡ್ತೀನಿ.”

“ಬ್ಯಾಡ,” ಎಂದಳು ನೇತ್ರಾವತಿ. “ಸುಮ್ನೆ ಒಂದಿನ ಫ್ಯಾನು ನಿಂತ್ರೆ ಅವಳು ಎರಡನೇ ಸಲ ಕಳಕೊಂಡಂಗಾಗ್ತೈತೆ. ನೀನೇ ಬಂದು ಹೇಳು.”

ಇಬ್ಬರೂ ಹರಿಹರದ ಬಸ್ಸು ಹತ್ತಿದರು. ಕಿಟಕಿಯಾಚೆ ಕೊಯ್ಲಿಗೆ ಬಂದ ಭತ್ತದ ಗದ್ದೆಗಳು ಓಡುತ್ತಿದ್ದವು. ತಾರಿಕ್ ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕೂತಿದ್ದ. ಹರಿಹರ ಬರುವ ಹೊತ್ತಿಗೆ ನೇತ್ರಾವತಿಗೇ ಅನುಮಾನ ಹುಟ್ಟತೊಡಗಿತು. ನಿಲ್ಲಿಸು ಎಂದು ಹೇಳಲು ಹೋದವಳು ಅವಳು. ಆದರೆ ಈ ಕೆಲವು ತಿಂಗಳಲ್ಲಿ ವಾಣಿಶ್ರೀಯ ಮುಖದಲ್ಲಿ ನೆಮ್ಮದಿ ಕಂಡದ್ದು ಆ ಸದ್ದಿನ ಮುಂದೆ ಮಾತ್ರ. ಅದನ್ನು ಕಿತ್ತುಕೊಂಡ ಮೇಲೆ ಅಲ್ಲಿ ಏನು ಉಳಿಯುತ್ತದೆ?

ವಾಣಿಶ್ರೀ ಮೇಲೆಯೇ ಇದ್ದಳು, ಕುರ್ಚಿಯ ಪಕ್ಕದ ಚಾಪೆಯ ಮೇಲೆ. ಪೆಟ್ಟಿಗೆ ಮೌನವಾಗಿತ್ತು. ತಾರಿಕ್‌ನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು.

“ಬರ್ರಿ ತಾರಿಕ್. ಭಾಳ ದಿನಕ್ಕೆ ಬಂದ್ರಿ. ಇವತ್ತು ಅವರು ಇನ್ನೂ ಕುಂತಿಲ್ಲ.”

“ಅತ್ತಿಗಿ, ಇವತ್ತು ಕೂಡಲ್ಲ,” ಎಂದ ತಾರಿಕ್. ಹೊಸಿಲಲ್ಲೇ ನಿಂತು, ಗೋಡೆ ನೋಡುತ್ತಾ, ಎಲ್ಲ ಹೇಳಿದ. ಅಂಗಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದ.

ವಾಣಿಶ್ರೀ ಅಳಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹುಡುಕುವವಳಂತೆ ಹುಬ್ಬು ಗಂಟಿಕ್ಕಿದಳು.

“ಗುರುವಾರದ್ದು ನೀವೇ?”

“ನಾನೇ.”

“ನಿನ್ನೇದೂ?”

ತಾರಿಕ್ ತಡೆದ. “ನಿನ್ನೆ ಶುಕ್ರವಾರ ಅತ್ತಿಗಿ. ನಮಾಜ್ ಮುಗಿಸಿ ಅಮ್ಮೀನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ. ಅಂಗಡಿ ತೆಗಿಲೇ ಇಲ್ಲ.”

“ನಿನ್ನೆ ಬಂದಿದ್ರು,” ಎಂದಳು ವಾಣಿಶ್ರೀ. “ಅಕ್ಕಾರೂ ಕೇಳ್ಯಾರೆ.”

ಅಡುಗೆಮನೆಯ ಕಟ್ಟೆ ಹಿಡಿದು ನಿಂತಾಗ ಅಂಗೈಗೆ ತಾಗಿದ್ದ ತಣ್ಣನೆಯ ಕಲ್ಲು ನೇತ್ರಾವತಿಗೆ ನೆನಪಾಯಿತು.

“ಅದು ತಾನೇ ಏನಾದ್ರೂ ಅಪ್‌ಡೇಟ್ ಮಾಡ್ಕೊಂಡಿರ್ತೈತೆ,” ಎಂದ ತಾರಿಕ್, ಇಬ್ಬರ ಮುಖವನ್ನೂ ನೋಡದೆ. “ಒಂದೊಂದ್ಸಲ ಮಾಡ್ಕೋತೈತೆ.”

ವಾಣಿಶ್ರೀ ಖಾಲಿ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತಿದ್ದಳು. ಆಮೇಲೆ, ಅಂಗಡಿಯಲ್ಲಿ ಏನೋ ಸಣ್ಣ ವಸ್ತು ಕೇಳುವವಳ ಹಾಗೆ ಕೇಳಿದಳು:

“ಅದಕ್ಕೆ ಏನು ಬರೆದ್ರೂ ಹೇಳ್ತೈತಾ?”

“ಹೇಳ್ತೈತೆ.”

“ಹಂಗಾದ್ರೆ ನನ್ನ ಹೆಸರು ಹಿಡಿದು ಒಂದ್ಸಾರಿ ಕರೆಸ್ರಿ.”

ತಾರಿಕ್ ಗಾಬರಿಯಿಂದ ನೇತ್ರಾವತಿಯನ್ನು ನೋಡಿದ. ನೇತ್ರಾವತಿ ಬೇಡ ಎನ್ನಲು ಬಾಯಿ ತೆರೆದಳು. ಆ ದನಿ ಒಮ್ಮೆ ಕರೆದುಬಿಟ್ಟರೆ ವಾಣಿ ಈ ಕೋಣೆಯಿಂದ ಎಂದಿಗೂ ಇಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಆದರೆ ಕೇಳಿದವಳು ಹೆಂಡತಿ. ನಡುವೆ ಮಾತಾಡಲು ತಾನು ಯಾರು? ಅವಳು ಕಣ್ಣಿನಲ್ಲೇ ಆಗಲಿ ಎಂದಳು.

ತಾರಿಕ್ ಕುರ್ಚಿಯಲ್ಲಿ ಕೂಡಲಿಲ್ಲ. ಮೊಣಕಾಲೂರಿ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡ. ಪರದೆ ಬೆಳಗಿತು. ಅವನು ಎರಡೇ ಅಕ್ಷರ ಟೈಪ್ ಮಾಡಿದ. ಪೆಟ್ಟಿಗೆಯೊಳಗೆ ಹಸಿರು ದೀಪ ಹತ್ತಿಕೊಂಡಿತು, ಫ್ಯಾನುಗಳು ಒಂದೊಂದಾಗಿ ಎದ್ದವು, ಬಿಸಿ ಗಾಳಿ ಮೂವರ ಕಾಲಿಗೂ ತಾಗಿತು. ವಾಣಿಶ್ರೀ ಕಣ್ಣು ಮುಚ್ಚಿಕೊಂಡಿದ್ದಳು.

“ವಾಣಿ,” ಎಂದ ಬಕ್ಕೇಶ.

ಸ್ಪಷ್ಟವಾಗಿ, ಎಲ್ಲೂ ತಡೆಯದೆ, ಒಳ್ಳೆಯ ಮೈಕಿನ ಮುಂದೆ ಹೇಳಿದ ಹಾಗೆ.

ನೇತ್ರಾವತಿಯ ಕಣ್ಣು ತುಂಬಿ ಬಂತು. ತಾರಿಕ್ ಬೆರಳುಗಳನ್ನು ಕೀಬೋರ್ಡಿನ ಮೇಲೆಯೇ ಬಿಟ್ಟು ಕಲ್ಲಾಗಿದ್ದ. ವಾಣಿಶ್ರೀ ಮಾತ್ರ ಇನ್ನೂ ಕಾಯುತ್ತಿರುವವಳ ಹಾಗೆ ತಲೆ ಓರೆ ಮಾಡಿ ನಿಂತೇ ಇದ್ದಳು. ಆಮೇಲೆ ಕಣ್ಣು ತೆರೆದಳು.

“ಇನ್ನೊಂದ್ಸಾರಿ.”

“ವಾಣಿ.”

“ಇದು ಅವರು ಜನರ ಜೊತೆ ಮಾತಾಡೋ ದನಿ,” ಎಂದಳು ವಾಣಿಶ್ರೀ, ಮೆಲ್ಲಗೆ. “ನಮಸ್ಕಾರ್ರಿ ಅಂತಾರಲ್ಲ, ಕಾರ್ಡು ತಗೊಳ್ರಿ ಅಂತಾರಲ್ಲ, ಅದು. ನನ್ನನ್ನ ಕರಿಯೋ ದನಿ ಬ್ಯಾರೆ ಇತ್ತು.”

“ಅದು ನನ್ನ ಹತ್ರ ಇಲ್ಲ ಅತ್ತಿಗಿ,” ಎಂದ ತಾರಿಕ್. “ಅದು ಎಲ್ಲೂ ರೆಕಾರ್ಡ್ ಆಗಿಲ್ಲ.”

“ಇಲ್ಲ,” ಎಂದಳು ಅವಳು. ಆ ಒಂದು ಮಾತನ್ನು ಹೇಳುವಾಗ ಅವಳ ದನಿ ಮೊದಲ ಸಲ ನಡುಗಿತು. ಆದರೆ ಆ ನಡುಕದಲ್ಲಿ ದುಃಖದ ಜೊತೆ ಇನ್ನೊಂದು ಇತ್ತು. ಊರಿಗೆಲ್ಲ ಹಂಚಿ ಹೋದದ್ದರಲ್ಲಿ ತನ್ನ ಪಾಲು ಯಾರ ಕೈಗೂ ಸಿಗದೆ ಉಳಿದಿದೆ ಎಂಬ ಗುಟ್ಟಿನ ಗಟ್ಟಿತನ. “ಅದು ಎಲ್ಲೂ ಇಲ್ಲ. ನಂಗೊಬ್ಬಳಿಗೇ ಐತೆ.”

ಅವಳು ಬಗ್ಗಿ ಮೇಜಿನ ಹಿಂದೆ ಕೈ ಹಾಕಿದಳು. ಗೋಡೆಯ ಸ್ವಿಚ್ಚು ಹುಡುಕಲು ಸ್ವಲ್ಪ ತಡವಾಯಿತು. ಯುಗಾದಿಗೂ ಮೊದಲಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ತಾರಿಕ್, “ನಾನು ಸರಿಯಾಗಿ ಶಟ್‌ಡೌನ್ ಮಾಡ್ತೀನಿ, ತಡೀರಿ,” ಎನ್ನುತ್ತಾ ಕೈ ಚಾಚಿದ. ಅಷ್ಟರಲ್ಲಿ ಟಕ್ ಎಂದಿತು.

ಹಸಿರು ದೀಪ ಹೋಯಿತು. ಫ್ಯಾನುಗಳು ಕೂಡಲೇ ನಿಲ್ಲಲಿಲ್ಲ. ತಿರುಗುತ್ತಾ, ನಿಧಾನವಾಗುತ್ತಾ, ಕೊನೆಯದೊಂದು ಬಹಳ ಹೊತ್ತು ಎಳೆದಾಡಿ ನಿಂತಿತು. ತಣ್ಣಗಾಗುವ ಲೋಹ ಅಲ್ಲೊಮ್ಮೆ ಇಲ್ಲೊಮ್ಮೆ ಚಿಟ್ ಎಂದಿತು. ಅದೂ ನಿಂತ ಮೇಲೆ ಬೀದಿಯ ಸದ್ದು ಒಳಗೆ ಬಂತು, ಯಾವುದೋ ಸೈಕಲ್ಲಿನ ಬೆಲ್ಲು, ಎದುರು ಮನೆಯ ಮಿಕ್ಸಿ. ಇಷ್ಟು ಹೊತ್ತು ಅವು ಕಿವಿಗೆ ಬಿದ್ದೇ ಇರಲಿಲ್ಲ ಎಂಬುದು ನೇತ್ರಾವತಿಗೆ ಆಗ ಹೊಳೆಯಿತು.

ವಾಣಿಶ್ರೀ ತಣ್ಣಗಾಗಿದ್ದ ಚಹಾದ ಲೋಟ ತೆಗೆದುಕೊಂಡು ಕೆಳಗೆ ಇಳಿದಳು.

ತಾರಿಕ್ ನೆಲದ ಮೇಲೆಯೇ ಕೂತಿದ್ದ. “ನಾಳೆ ನಾನೇ ಕುಂತು ಹೇಳ್ತೀನಿ ನೇತ್ರಕ್ಕ,” ಎಂದ. “ಅವನು ಇಲ್ಲ ಅಂತ. ಆ ವಿಡಿಯೋಗಳು ನಂದು ಅಂತ. ತೆಗೆದುಹಾಕ್ತೀನಿ. ನಿಂಗರಾಜುಗೂ ಫೋನ್ ಮಾಡಿ ಇನ್ನೊಂದ್ಸಾರಿ ಹೇಳ್ತೀನಿ, ಹಸಿರೇ ತಗೋ ಅಂತ.”

“ಕೆಂಪು ಕೆಟ್ಟದ್ದಾ ಹಂಗಾರೆ?” ಎಂದು ಕೇಳಿದಳು ನೇತ್ರಾವತಿ. ಏನಾದರೂ ಕೇಳಬೇಕಿತ್ತು, ಅವನು ಅಳುವುದರಲ್ಲಿದ್ದ.

“ಕೆಟ್ಟದ್ದಲ್ಲ ಅಕ್ಕ. ಚಲೋನೇ ಐತೆ.” ಅವನು ಮೂಗು ಒರೆಸಿಕೊಂಡ. “ಎರಡೂ ಚಲೋನೇ. ಅದು ನಮ್ಮಿಬ್ಬರಿಗೂ ಮೊದಲಿಂದ ಗೊತ್ತಿತ್ತು.”

ಅವರು ಎದ್ದರು. ನೇತ್ರಾವತಿ ಕೋಣೆಯ ಬಾಗಿಲು ಎಳೆಯುವ ಮುನ್ನ ಒಮ್ಮೆ ಹಿಂದಿರುಗಿ ನೋಡಿದಳು. ಪೆಟ್ಟಿಗೆ ಕತ್ತಲಾಗಿತ್ತು. ಮೇಜಿನ ಮುಂದಿನ ಕುರ್ಚಿ, ಯಾರೂ ಕೂಡದ ಕುರ್ಚಿ, ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಸ್ವಲ್ಪ ಬಾಗಿಲ ಕಡೆ ತಿರುಗಿಕೊಂಡಿತ್ತು. ವಾಣಿ ಕೈ ಇಟ್ಟು ನಿಂತಿದ್ದಳಲ್ಲ, ಆಗ ತಿರುಗಿರಬೇಕು. ಅವಳು ಬಾಗಿಲು ಹಾಕಿದಳು, ಚಿಲಕ ಮಾತ್ರ ಹಾಕಲಿಲ್ಲ.

ಕೆಳಗೆ ಅಡುಗೆಮನೆಯಲ್ಲಿ ಒಗ್ಗರಣೆ ಚುಂಯ್ ಎಂದಿತು. “ಅಕ್ಕಾ,” ಎಂದು ವಾಣಿಶ್ರೀ ಒಳಗಿನಿಂದಲೇ ಕೇಳಿದಳು, “ಇಸ್ತ್ರಿ ಅಂಗಡಿ ಓಬಕ್ಕ ಭಾನುವಾರ ಇರ್ತಾಳೇನು? ನನ್ನ ಸೀರಿ ಯಾವುದೂ ಉಡೋ ಹಂಗಿಲ್ಲ. ಸೋಮವಾರ ಬೆಳಿಗ್ಗೇನೇ ಹೋಗ್ಬೇಕು.”

“ಇರ್ತಾಳೆ. ನಾನು ಕೊಟ್ಟು ಬರ್ತೀನಿ,” ಎಂದಳು ನೇತ್ರಾವತಿ.

ತಾರಿಕ್ ಪಡಸಾಲೆ ದಾಟಿ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ. ಕತ್ತಲಾಗುವ ಮುಂಚೆ ಬಸ್ಸು ಹಿಡಿಯಬೇಕೆಂದೋ, ಈ ಮನೆಯಲ್ಲಿ ಇನ್ನು ನಿಲ್ಲುವ ಮುಖ ತನಗಿಲ್ಲವೆಂದೋ, ಬೇಗ ಬೇಗ ಕಾಲು ತೂರಿಸುತ್ತಿದ್ದ. ವಾಣಿಶ್ರೀ ಅಡುಗೆಮನೆಯಿಂದ ಬಂದಳು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಬದಿಗೊಂದು ಹಸಿಮೆಣಸಿನಕಾಯಿ ಇದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಅವನ ಮುಂದೆ ನಿಂತಳು. ಅವನು ಚಪ್ಪಲಿ ಬಿಟ್ಟ. ಅವಳು ತಟ್ಟೆಯನ್ನು ಅವನ ಕೈಗೆ ಕೊಟ್ಟಳು.